ಕಲ್ಲಿನ ಹತ್ತನೆಯ ಸಾಲು

ಮಂಕಿಯಲ್ಲಿ ನಮ್ಮ ಓಣಿಗೆ ಮೀನು ತರುತ್ತಿದ್ದ ಆಕೆ, ಯಾರು ಎಷ್ಟೇ ಚೌಕಾಶಿ ಮಾಡಿದರೂ ಕೊನೆಗೆ "ಆತು, ತಕಣಿ" ಎಂದು ಒಂದು ಬಂಗುಡೆಯನ್ನು ಹೆಚ್ಚಿಗೆ ಹಾಕುತ್ತಿದ್ದಳು. ಶಾಲೆಗೆ ಹೊಸ ಕೋಣೆ ಕಟ್ಟುವಾಗಲೂ ಹಾಗೆಯೇ, "ಆತು, ತಕಣಿ" ಎಂದು ಕೈಯಲ್ಲಿದ್ದ ಎರಡು ಬಂಗಾರದ ಬಳೆ ಕಳಚಿ ಕೊಟ್ಟಳು.

ದಾನಿಗಳ ಕಲ್ಲಿನಲ್ಲಿ ಹತ್ತೇ ಹೆಸರಿಗೆ ಜಾಗವಿತ್ತು. ಪಟ್ಟಿ ಬರೆದವನು ಸಮಿತಿಯ ಕಾರ್ಯದರ್ಶಿಯಾಗಿದ್ದ ನಾನು. ಹತ್ತನೆಯ ಸಾಲು ಆಕೆಯದಾಗಬೇಕಿತ್ತು. ಏನನ್ನೂ ಕೊಡದ ನಾನು ಅಲ್ಲಿ ನನ್ನ ಹೆಸರು ಬರೆದೆ. ಉದ್ಘಾಟನೆಯ ದಿನ ಆಕೆ ಕಲ್ಲಿನ ಮುಂದೆ ನಿಂತು, "ನನ್ನ ಹೆಸ್ರು ಯಾವ್ದ್ರಾ?" ಎಂದು ಕೇಳಿದಳು. ಆಕೆಗೆ ಓದು ಬರುತ್ತಿರಲಿಲ್ಲ. ನಾನು ಹತ್ತನೆಯ ಸಾಲನ್ನೇ ತೋರಿಸಿದೆ.

ಅಂದಿನಿಂದ ಶಾಲೆಯ ಮುಂದೆ ಹಾದಾಗಲೆಲ್ಲ ಬುಟ್ಟಿ ಇಳಿಸಿ, ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಎಷ್ಟೋ ವರ್ಷ ಅದನ್ನು ನೋಡಿಯೂ ಸುಮ್ಮನಿದ್ದೆ.

ಕಳೆದ ವರ್ಷ ಮಾತ್ರ ತಡೆಯಲಾಗಲಿಲ್ಲ. ನನ್ನ ಹೆಸರನ್ನು ಉಜ್ಜಿ ತೆಗೆಸಿ ಅದೇ ಸಾಲಿನಲ್ಲಿ ಆಕೆಯ ಹೆಸರು ಕೆತ್ತಿಸಿದೆ. ಆಮೇಲೆ ಆಕೆಯನ್ನು ಶಾಲೆಗೆ ಕರೆದು ಎಲ್ಲವನ್ನೂ ಹೇಳಿದೆ. ಆಕೆ ಬುಟ್ಟಿ ಇಳಿಸಿ ಕಲ್ಲಿನತ್ತ ತಿರುಗಿದಳು.

"ಎಂತ ಮಾರಾಯ್ರಾ! ಇಷ್ಟು ವರ್ಷ ನಿಮ್ಮನ್ನೇ ಕಣ್ಣಿಗೊತ್ಕಂಡೆ ಅಂದಾತು. ಅದ್ಕೇ ಮುದುಕ್ರಾದ್ರೂ ಇಷ್ಟು ಗಟ್ಟಿ ಇದ್ರಿ!"

ನಕ್ಕಳು. ಎಂದಿನಂತೆ ಕೈ ತೊಳೆದು ಬಂದು ಅದೇ ಸಾಲನ್ನು ಮುಟ್ಟಿದಳು. ಹೊರಡುವಾಗ ನನ್ನ ಚೀಲಕ್ಕೆ ಒಂದು ಬಂಗುಡೆ ಹಾಕಿದಳು.

"ಆತು, ತಕಣಿ."