ಇಸ್ತ್ರಿಯವನ ಮಗಳೂ ಹಳದಿ ಪಾಟಿಯೂ

ಹಟ ಅಂದ್ರೆ ಹಟವಪ್ಪಾ ಇಸ್ತ್ರಿಯವನ ಮಗಳದ್ದು! ಎರಡೂವರೆ ವರ್ಷದ ಪುಟ್ಟಿ, ಆರಡಿ ಎತ್ತರದ ಅಪ್ಪನನ್ನು ಮೂರು ವಾರದಿಂದ ಸೋಲಿಸುತ್ತಲೇ ಇದ್ದಳು. ಸಣ್ಣ ಮಕ್ಕಳನ್ನು ಕಕ್ಕ-ಸುಸ್ಸುಗೆ ಕೂರಿಸುವ ಆ ಹಳದಿ ಪ್ಲಾಸ್ಟಿಕ್ ಪಾಟಿ ಕಂಡರೆ ಸಾಕು, ಮೈಯೆಲ್ಲ ಕೋಲಿನ ಹಾಗೆ ಸೆಟೆಸಿ "ಬೇಡ ಬೇಡ ಬೇಡ!" ಅಂತ ಬೀದಿಯೇ ಒಂದಾಗುವಂತೆ ಕಿರುಚುತ್ತಿದ್ದಳು. ಅವನು ಕತೆ ಹೇಳಿದ, ಮುದ್ದು ಮಾಡಿದ, ಬಿಸ್ಕತ್ತಿನ ಆಸೆ ತೋರಿಸಿದ, ಒಂದು ಸಲ ಗದರಿಯೂ ನೋಡಿದ. ಪುಟ್ಟಿ ಬಿಸ್ಕತ್ತು ತಿಂದು, ಬಾಯಿ ಒರೆಸಿಕೊಂಡು, ಇಸ್ತ್ರಿ ಮೇಜಿನ ಕೆಳಗೆ ನುಸುಳಿ ಅಲ್ಲೇ ಸುಸ್ಸು ಮಾಡಿದಳು.

ಮನೆ ಅಂದರೆ ಮುಂದುಗಡೆ ಅಂಗಡಿ, ಹಿಂದೆ ಒಂದು ಕೋಣೆ, ಅದರ ಹಿಂದೆ ಬಟ್ಟೆ ಒಣಹಾಕುವ ಅಂಗಳ. ಎರಡು ತಿಂಗಳ ಹಿಂದೆ ಅವನ ಹೆಂಡತಿ ಅದೇ ಅಂಗಳದಲ್ಲಿ, ಹಗ್ಗದ ಕೆಳಗೆ, ಎದೆ ಹಿಡಿದುಕೊಂಡು ಕುಸಿದವಳು ಮೇಲೇಳಲಿಲ್ಲ. ಒಂದು ದಿನ ಜ್ವರ ಅಂತ ಮಲಗಿದವಳಲ್ಲ, ಪಾಪ. ಪುಟ್ಟಿಗೆ "ಅಮ್ಮ ಊರಿಗೆ ಹೋಗಿದ್ದಾಳೆ" ಅಂತ ಯಾರೋ ಹೇಳಿದರು. ಇವನೂ ಹೂಂ ಅಂದುಬಿಟ್ಟ. ನಿಜ ಹೇಳೋಕೆ ಯಾರಿಗಿತ್ತು ಎದೆ?

ಕಷ್ಟ ಶುರುವಾದದ್ದು ಶಿಶುವಿಹಾರದಿಂದ. ಅಲ್ಲಿನ ಟೀಚರು ಒಳ್ಳೆಯವರೇ. ಆದರೂ ಏನು ಮಾಡ್ತಾರೆ? "ಇಪ್ಪತ್ತು ಮಕ್ಕಳಿಗೆ ನಾನೊಬ್ಬಳೇ ಕಣಪ್ಪಾ. ಈ ಸೋಮವಾರದೊಳಗೆ ಪಾಟಿ ಮೇಲೆ ಕೂರೋದು ಕಲಿಸು, ಇಲ್ಲಾಂದ್ರೆ ಮನೇಲೇ ಇಟ್ಕೋ" ಅಂದರು. ಮನೆಯಲ್ಲಿ ಇಟ್ಟುಕೊಳ್ಳೋದು ಹೇಗೆ? ಇಡೀ ದಿನ ಕಾದ ಇಸ್ತ್ರಿ ಪೆಟ್ಟಿಗೆ. ಆಗಲೇ ಪುಟ್ಟಿಯ ಹೆಬ್ಬೆರಳಿನ ಮೇಲೆ ಒಂದು ಬೊಬ್ಬೆ ಎದ್ದಿತ್ತು. ಬೊಬ್ಬೆಯ ಸುದ್ದಿ ಕೇಳಿದ್ದೇ ಹೆಂಡತಿಯ ಅಕ್ಕ ಫೋನ್ ಮಾಡಿದರು. "ಶಿಶುವಿಹಾರದವರು ಸೇರಿಸಿಕೊಳ್ಳದಿದ್ರೆ ಮಗು ನನ್ ಜೊತೆ ಬರುತ್ತೆ. ಭಾನುವಾರ ಬರ್ತೀನಿ." ಅವರ ಊರು ಒಂದಿಡೀ ದಿನದ ದಾರಿ. ವರ್ಷಕ್ಕೊಮ್ಮೆ ಮಗಳ ಮುಖ ನೋಡಿದರೆ ಹೆಚ್ಚು.

ಶನಿವಾರದ ಪ್ರಸಂಗ ಒಂದು ಹೇಳಲೇಬೇಕು. ಇಸ್ತ್ರಿಯವರಿಗೆ ಬಟ್ಟೆ ಸ್ವಲ್ಪ ಹಸಿಯಿದ್ದರೇ ಚೆಂದ. ಬೆಳಿಗ್ಗೆಯೇ ನೀರು ಚಿಮುಕಿಸಿ ಸುತ್ತಿಡುತ್ತಾರೆ. ಮೇಜಿನ ಕೆಳಗಿನ ಗಂಟಿನಲ್ಲಿ ಕೈಗೆ ಸಿಕ್ಕ ಬಿಳಿ ಅಂಗಿ ಹಸಿಯಾಗಿತ್ತು. ತಾನೇ ಚಿಮುಕಿಸಿದ್ದು ಅಂದುಕೊಂಡು ಇವನು ಪೆಟ್ಟಿಗೆ ಒತ್ತಿದ. ಎದ್ದಿತು ನೋಡಿ ಆವಿ! ಅಯ್ಯಯ್ಯೋ, ಅದೇನು ಘಾಟು! ಅಂಗಿಯ ಯಜಮಾನರಾದ ವಕೀಲರು ಎದುರಿಗೇ ನಿಂತಿದ್ದರು. ಮೂಗು ಮುಚ್ಚಿಕೊಂಡು ಹೊರಟೇಹೋದರು. ಮೇಜಿನ ಕೆಳಗಿಂದ ಪುಟ್ಟಿ ಕಿಲಕಿಲ ನಕ್ಕಳು. ಹೆಂಡತಿ ಹೋದ ಮೇಲೆ ಅವನೂ ಮೊದಲ ಸಲ ನಕ್ಕ. ನಗುನಗುತ್ತಲೇ ಆ ನಾರುವ ಅಂಗಿಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಭಾನುವಾರ ಅತ್ತಿಗೆ ಬಂದರು. ನಾಲ್ಕು ಗಂಟೆಗೆ ವಾಪಸ್ ಹೋಗುವ ಬಸ್ಸು. ಕೋಣೆಯಲ್ಲಿ ಕೂತು ಪುಟ್ಟಿಯ ಫ್ರಾಕುಗಳನ್ನು ಚೀಲಕ್ಕೆ ತುಂಬತೊಡಗಿದರು.

"ಇನ್ನೊಂದೇ ಒಂದ್ಸಲ ನೋಡ್ತೀನಿ ಅತ್ತಿಗೆ" ಅಂದ.

"ನೋಡಪ್ಪಾ, ಯಾರ್ ಬೇಡ ಅಂದ್ರು" ಅಂದರು ಅವರು, ಕಣ್ಣು ಮೇಲೆತ್ತದೆ.

ಹಿಂಬಾಗಿಲ ಹತ್ತಿರ ಪಾಟಿ ಇಟ್ಟು ಕೂರಿಸಿದ. ಅತ್ತೂ ಅತ್ತೂ ಸುಸ್ತಾಗಿದ್ದಕ್ಕೋ ಏನೋ, ಕೂತಳು. ಅವನಿಗೆ ಜೀವ ಬಂದಂತಾಯಿತು. "ಕೂತಿರು ಚಿನ್ನ, ನೀರು ತಗೊಂಡು ಬಂದೆ" ಅಂತ ತಿರುಗಿದ್ದೇ ತಡ, ಪುಟ್ಟಿ ಹೋ ಅಂತ ಚೀರಿ ಎರಡೂ ಕೈಯಲ್ಲಿ ಅವನ ಪ್ಯಾಂಟು ಹಿಡಿದುಕೊಂಡಳು.

ಆಗ ಅವನಿಗೆ ಹೊಳೆಯಿತು. ಹೆಂಡತಿ ದಿನಾ ಮಗಳನ್ನು ಇಲ್ಲೇ ಕೂರಿಸಿ, "ಆದ್ಮೇಲೆ ಕೂಗು, ಬರ್ತೀನಿ" ಅಂತ ಹೇಳಿ ಬಟ್ಟೆ ಹರವೋಕೆ ಹೋಗುತ್ತಿದ್ದಳು. ಆ ದಿನವೂ ಹೋಗಿದ್ದಳು. ಮನೆಮನೆಗೆ ಬಟ್ಟೆ ಕೊಟ್ಟು ಇವನು ವಾಪಸ್ ಬಂದಾಗ ಪುಟ್ಟಿ ಇದೇ ಪಾಟಿಯ ಮೇಲಿದ್ದಳು. ತೊಡೆಗೆ ಪಾಟಿಯ ಅಂಚು ಒತ್ತಿ ಕೆಂಪಗೆ ಗೀರು ಬಿದ್ದಿತ್ತು. ಕೂಗಿ ಕೂಗಿ ದನಿಯೇ ಹೋಗಿತ್ತು. "ಅಮ್ಮಾ, ಆಯ್ತು" ಅಂತ ಬರೀ ತುಟಿ ಆಡುತ್ತಿತ್ತು. ಅಂಗಳದಲ್ಲಿ ಹೆಂಡತಿ ಬಿದ್ದದ್ದು ಕಂಡ ಮೇಲೆ ಅವನಿಗೆ ಬೇರೇನೂ ಕಾಣಲಿಲ್ಲ. ಮಗು ಎಷ್ಟು ಹೊತ್ತು ಕೂತಿತ್ತು ಅಂತ ಇವತ್ತಿನವರೆಗೂ ಯೋಚಿಸಿರಲಿಲ್ಲ.

ಹಟವಂತೆ ಹಟ! ನಮ್ಮ ಬಾಯಿಗಿಷ್ಟು ಮಣ್ಣು ಹಾಕ.

ಅವನು ನೆಲದ ಮೇಲೆ ಕೂತು ಅವಳ ಎರಡೂ ಪಾದ ಹಿಡಿದುಕೊಂಡ. "ನಾನು ಎಲ್ಲೂ ಹೋಗಲ್ಲ ಪುಟ್ಟಿ."

"ಹೋಗಲ್ಲಾ?"

"ಇಲ್ಲ ಕಣೆ. ಇಲ್ಲೇ ಕೂತಿರ್ತೀನಿ."

ಬಹಳ ಹೊತ್ತಾಯಿತು. ಅವನ ಕಾಲು ಜೋಮು ಹಿಡಿಯಿತು. ಕೊನೆಗೆ ಪಾಟಿಯೊಳಗೆ ಸಣ್ಣಗೆ ಸದ್ದಾಯಿತು. ಪುಟ್ಟಿ ನೆಟ್ಟಗೆ ಕೂತಳು. ಎದುರಿಗಿದ್ದ ಅಪ್ಪನನ್ನು ಬಿಟ್ಟು ಬಾಗಿಲ ಕಡೆ ನೋಡಿ ಗಟ್ಟಿಯಾಗಿ ಕೂಗಿದಳು: "ಅಮ್ಮಾ, ಆಯ್ತು!"

ಅತ್ತಿಗೆ ಫ್ರಾಕು ಹಿಡಿದುಕೊಂಡೇ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಬಂದೆ" ಅಂದ ಅವನು.

"ನೀನಲ್ಲ. ಅಮ್ಮ."

ಮತ್ತೆ ಸುಳ್ಳು ಹೇಳಬಹುದಿತ್ತು. ಆಗಲಿಲ್ಲ ಅವನ ಕೈಲಿ. "ಅಮ್ಮ ಸತ್ತೋದಳು ಪುಟ್ಟಿ. ಇನ್ ಬರಲ್ಲ. ಅವತ್ತು ನೀನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ, ಕೇಳಿಸಿದ್ರೆ ಓಡಿ ಬರ್ತಿದ್ದಳು. ಇನ್ಮೇಲೆ ಕೂಗಿದ್ರೆ ನಾನೇ ಬರೋದು."

ಅವಳಿಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ. ಬಾಗಿಲನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಮತ್ತೆ ಬಾಗಿಲನ್ನು ನೋಡಿದಳು.

"ಅಪ್ಪಾ, ಆಯ್ತು" ಅಂದಳು, ಮೆಲ್ಲಗೆ.

"ಬಂದೆ ಕಂದಾ, ಬಂದೆ" ಅಂತ ಒಂದು ಮೊಳ ದೂರದಲ್ಲಿ ಕೂತಿದ್ದವನು ಎದ್ದು ಅವಳನ್ನು ಎತ್ತಿಕೊಂಡ.

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಚೀಲದಿಂದ ಒಂದೊಂದೇ ಫ್ರಾಕು ತೆಗೆದು ಗೋಡೆಯ ಮೊಳೆಗೆ ಹಾಕತೊಡಗಿದರು.