ಹೊಸ್ತಿಲಿಗೆ ನೀರು ಹಾಕಿದ ಚಳಿಗಾಲ

ನಮ್ಮ ಉಡುಪಿ ಕಡೆ ಬೆಳಗಾದರೆ ಹೆಂಗಸರು ಮೊದಲು ಹೊಸ್ತಿಲು ತೊಳೆದು, ರಂಗೋಲಿ ಹುಡಿಯಲ್ಲಿ ಎರಡು ಗೆರೆ ಎಳೆಯುತ್ತಾರೆ. ಆಮೇಲೆಯೇ ಒಲೆ, ಚಹಾ ಎಲ್ಲ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿಗೆ ಬಂದ ಮರುದಿನವೂ ನನ್ನ ಹೆಂಡತಿ ಅದನ್ನೇ ಮಾಡಿದಳು. ನವೆಂಬರ್ ತಿಂಗಳು. ಅಂಗಳವೇ ಇಲ್ಲದ ಸಾಲುಮನೆ ನಮ್ಮದು. ಬಾಗಿಲು ತೆರೆದರೆ ಒಂದು ಕಲ್ಲಿನ ಮೆಟ್ಟಿಲು, ಅದನ್ನಿಳಿದರೆ ಫುಟ್‌ಪಾತು.

"ಇಲ್ಲಿ ಇದೆಲ್ಲ ಬೇಡ ಮಾರಾಯ್ತಿ, ಜನ ನೋಡ್ತಾರೆ," ಎಂದೆ.

"ನೋಡ್ಲಿ. ಇಡೀ ದಿವಸ ನನ್ನನ್ನು ನೋಡುವವರು ಬೇರೆ ಯಾರುಂಟು ಇಲ್ಲಿ?"

ನಾನು ಅವಳಿಗಿಂತ ಮೊದಲು, ಬೇಸಿಗೆಯಲ್ಲಿ ಬಂದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲಿನ ಒಲೆಯ ಮುಂದೆ ನಿಂತವನಿಗೆ ಇಲ್ಲಿಯೂ ಅಡುಗೆಯ ಕೆಲಸವೇ. ಚಳಿಯೆಂದರೆ ನನಗೆ ಬಸ್‌ಸ್ಟಾಪಿನಲ್ಲಿ ನಿಲ್ಲುವಷ್ಟು ಹೊತ್ತು ಮಾತ್ರ. ಅದನ್ನೂ ಒಂದು ತೆಳು ಜಾಕೆಟ್ಟು, ವಿದೇಶಕ್ಕೆ ಹೋಗುವವನೆಂದು ಮುಂಬೈಯಲ್ಲಿ ಆಸೆಪಟ್ಟು ಕೊಂಡ ಹೊಳೆಯುವ ಬೂಟು, ಇಷ್ಟರಲ್ಲೇ ಕಳೆಯುತ್ತಿದ್ದೆ. "ಚಳಿಯಾ? ಎಂತ ಚಳಿ? ಮೈಬಗ್ಗಿಸಿ ದುಡಿಯುವವನಿಗೆ ಚಳಿ ಇಲ್ಲ," ಎಂದು ಊರಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಹಲ್ಲು ಕಟಕಟ ಎನ್ನುತ್ತಿದ್ದದ್ದು ಫೋನಿನಲ್ಲಿ ಕೇಳಿಸುತ್ತಿರಲಿಲ್ಲವಲ್ಲ.

ಅವಳದು ಹಾಗಲ್ಲ. ಇಡೀ ದಿನ ಆ ಮನೆಯೊಳಗೇ. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರಿಳಿಯುತ್ತಿತ್ತು. ಒಗೆದ ಬಟ್ಟೆ ಒಣಗುತ್ತಲೇ ಇರಲಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದು ಕವುಚಿಡುವಷ್ಟರಲ್ಲಿ ಹೊರಗೆ ಕತ್ತಲು. ಒಂದು ಭಾನುವಾರ ಬೀನ್ಸ್ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದಳು: "ಸಂಕ್ರಾಂತಿಯವರೆಗೆ ನೋಡ್ತೇನೆ. ಆಗದಿದ್ರೆ ನನ್ನನ್ನು ಊರಿಗೆ ಕಳಿಸಿ. ಬೇಸಿಗೆಗೆ ಬರ್ತೇನೆ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಬೇಸಿಗೆಗೆ ಬರುತ್ತೇನೆಂದು ಹೋದವರು ತಿರುಗಿ ಬಂದದ್ದನ್ನು ನಾನಂತೂ ಕಂಡಿರಲಿಲ್ಲ. "ಆಯ್ತು ನೋಡುವ," ಎಂದವನು ಆಮೇಲೆ ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟೆ.

ಜನವರಿ ಶುರುವಾದ ಮೇಲೆ ಒಂದು ಬೆಳಿಗ್ಗೆ, ಎದುರು ಮನೆಗಳ ಮಾಡುಗಳೆಲ್ಲ ಮಂಜು ಹೆಪ್ಪುಗಟ್ಟಿ ಸುಣ್ಣ ಬಳಿದಂತೆ ಬಿಳಿಯಾಗಿದ್ದವು. ಅವಳು ಎಂದಿನಂತೆ ಮೆಟ್ಟಿಲಿಗೆ ಒಂದು ಚೆಂಬು ನೀರು ಹಾಕಿ, ನೀರು ತಾಗದ ಅಂಚಿನಲ್ಲಿ ಗೆರೆ ಎಳೆದು ಒಳಗೆ ಬಂದಿದ್ದಳು. ನಾನು ಚಹಾ ಕುಡಿದು ಹೊರಟೆ. ಕಾಲಿಟ್ಟದ್ದು ಗೊತ್ತು, ಅಷ್ಟೇ. ಮರುಕ್ಷಣ ಫುಟ್‌ಪಾತಿನ ಮೇಲೆ ಕುಳಿತಿದ್ದೆ. ಹಾಕಿದ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಸೊಂಟದ ನೋವಿಗಿಂತ, ಪಕ್ಕದ ಮನೆಯ ಕಿಟಕಿಯ ಪರದೆ ಸರಿದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು.

ಒಳಗೆ ಬಂದು ಕೂಗಾಡಿದೆ. "ನಾಳೆಯಿಂದ ಈ ನೀರು ಹಾಕುವುದು ಬಂದ್!"

ಅವಳು ಚೆಂಬನ್ನು ಮೂಲೆಯಲ್ಲಿಟ್ಟಳು. "ಹಾಗಾದ್ರೆ ನಾನೂ ಬಂದ್. ಸಂಕ್ರಾಂತಿವರೆಗೆ ಕಾಯುವುದು ಬೇಡ, ಟಿಕೆಟ್ ಮಾಡಿ."

ಅಷ್ಟರಲ್ಲಿ ಬಾಗಿಲು ಬಡಿದರು. ಪಕ್ಕದ ಮನೆಯ ಮುದುಕಿ. ನೈಟ್‌ಗೌನಿನ ಮೇಲೆ ದೊಡ್ಡ ಕೋಟು, ಕೈಯಲ್ಲಿ ಉಪ್ಪಿನ ಬಕೆಟ್ಟು. ಮಂಜುಗಡ್ಡೆ ಕರಗಲೆಂದು ನಮ್ಮ ಮೆಟ್ಟಿಲಿಗೆ ಆಗಲೇ ಒಂದು ಹಿಡಿ ಎರಚಿಯಾಗಿತ್ತು.

"ಮೂಳೆ ಮುರೀಲಿಲ್ಲ ತಾನೇ, ಲವ್?" ಎಂದು ಕೇಳಿದರು. ಇಲ್ಲಿಯವರು ಬಸ್ಸಿನಲ್ಲೂ ಅಂಗಡಿಯಲ್ಲೂ ಎಲ್ಲರನ್ನೂ ಹೀಗೇ ಕರೆಯುವುದು. ಆಮೇಲೆ ಬಿಳಿ ಗೆರೆಯ ಕಡೆ ಬೆರಳು ತೋರಿಸಿ, "ಇದನ್ನು ದಿನಾ ಮಾಡೋದು ಯಾರು?" ಎಂದರು.

ದೂರು ಹೇಳಲು ಬಂದಿದ್ದಾರೆ ಎಂದುಕೊಂಡೆ. ಹೆಂಡತಿಯ ಮೇಲೆ ಮಾತು ಬರಬಾರದು. "ನಾನೇ," ಎಂದೆ.

"ಸುಳ್ಳು ಹೇಳ್ಬೇಡ. ನಾನು ದಿನಾ ಕಿಟಕಿಯಿಂದ ಅವಳನ್ನ ನೋಡ್ತೀನಿ. ನನ್ನಮ್ಮನೂ ಹೀಗೇ ಮಾಡ್ತಿದ್ದಳು."

ಒಳಗೆ ಕರೆದು ಕೂರಿಸಿದೆ. ಹಿಂದೆ ಈ ಬೀದಿಯಲ್ಲಿ ಮನೆಮನೆಯ ಹೆಂಗಸರೂ ಮಂಡಿಯೂರಿ ಮೆಟ್ಟಿಲು ಉಜ್ಜಿ, ಒಂದು ಬಗೆಯ ಮೆದು ಕಲ್ಲಿನಿಂದ ಅದರ ಅಂಚಿಗೆ ಬಿಳಿ ಗೆರೆ ತೀಡುತ್ತಿದ್ದರಂತೆ. ಗೆರೆ ಇಲ್ಲದ ಮನೆಯವರ ಬಗ್ಗೆ ಬೀದಿಯೆಲ್ಲ ಮಾತಾಡುತ್ತಿತ್ತಂತೆ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದ ಹಾಗೆ ಹೆಂಡತಿ ಹತ್ತಿರ ಸರಿದು ಕುಳಿತಳು.

"ಇವರಿಗೂ ಬೀದಿಯವರ ಬಾಯಿಯ ಹೆದರಿಕೆ ಇತ್ತಾ?" ಎಂದು ನಕ್ಕಳು. ಇಲ್ಲಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. "ಹಾಗಾದ್ರೆ ಈ ಚಳಿಯಲ್ಲಿ ಎಂತ ಮಾಡ್ತಿದ್ರಂತೆ, ಕೇಳಿ."

ಮುದುಕಿ ಮಾತಿನಲ್ಲಿ ಹೇಳಲಿಲ್ಲ. ಎದ್ದು ಅಡುಗೆಮನೆಯಿಂದ ಬಟ್ಟೆ ತಂದು, ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ ಒರೆಸುವುದು, ಹಿಂದೆಯೇ ಒಣಬಟ್ಟೆಯಲ್ಲಿ ಒರೆಸುವುದು, ಎರಡನ್ನೂ ಗಾಳಿಯಲ್ಲೇ ಮಾಡಿ ತೋರಿಸಿದರು. ಬಗ್ಗಲು ಮಂಡಿ ಬಿಡುವುದಿಲ್ಲವಂತೆ. ಹೋಗುವಾಗ ನನ್ನ ಬೂಟು ನೋಡಿ, "ಇದು ಮದುವೆಗೆ ಚೆಂದ, ಲವ್," ಎಂದರು. ಹೆಂಡತಿಗೆ ಅದನ್ನು ಮಾತ್ರ ನಾನು ಹೇಳಲಿಲ್ಲ. ಅವಳಿಗೆ ಹೇಗೋ ಅರ್ಥವಾಗಿತ್ತು.

ಮರುದಿನದಿಂದ ಎರಡು ಮನೆಯ ಮೆಟ್ಟಿಲಿಗೂ ಗೆರೆ ಬಿತ್ತು. ಬಾಗಿಲ ಸಂದಿಗೆ ಟವೆಲ್ ಸುತ್ತಿಡುವುದು, ಹಾಸಿಗೆಗೆ ಬಿಸಿನೀರಿನ ರಬ್ಬರ್ ಚೀಲ ಇಡುವುದು, ಬಿಸಿಲು ಕಂಡ ಕೂಡಲೇ ಕೆಲಸ ಬಿಟ್ಟು ಹೊರಗೆ ಹೋಗುವುದು, ಎಲ್ಲ ಆ ಮನೆಯಿಂದ ಬಂದವು. ಈ ಮನೆಯಿಂದ ಕರಿಮೆಣಸಿನ ಸಾರು ಹೋಯಿತು. ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಕೆಲಸದಲ್ಲಿರುತ್ತಿದ್ದೆ.

ಸಂಕ್ರಾಂತಿ ಬಂತು. ಎಳ್ಳುಬೆಲ್ಲ ಕೈಗೆ ಹಾಕಿದಳು. ಕೇಳದೆ ವಿಧಿಯಿರಲಿಲ್ಲ.

"ಟಿಕೆಟ್ ನೋಡುದಾ?"

"ನಾನು ಹೋದ್ರೆ ಅಜ್ಜಿಯ ಮೆಟ್ಟಿಲು ಯಾರು ಒರೆಸುದು? ನೀವು ಒರೆಸ್ತೀರಾ?" ಎಂದು, ಮೂಲೆಯಲ್ಲಿದ್ದ ನನ್ನ ಬೂಟಿನ ಕಡೆ ನೋಡಿದಳು. "ಟಿಕೆಟ್ ಬೇಡ. ಮೊದಲು ಪೇಟೆಗೆ ಹೋಗಿ ನಿಮಗೊಂದು ಸರಿಯಾದ ಬೂಟು, ಒಂದು ದಪ್ಪದ ಕೋಟು ತರುವ. ರಾತ್ರಿ ಕೆಲಸದಿಂದ ಬರುವಾಗ ನೀವು ನಡುಗುದು ನನಗೆ ಗೊತ್ತಾಗುದಿಲ್ಲ ಅಂತ ಮಾಡಿದ್ರಾ?"

ಆ ಮಧ್ಯಾಹ್ನವೇ ಹೊರಟೆವು. ಮೆಟ್ಟಿಲು ಇಳಿಯುವಾಗ ಅವಳು ನನ್ನ ತೋಳು ಹಿಡಿದುಕೊಂಡಳು. ಬೇಡ ಎನ್ನಲಿಲ್ಲ ನಾನು.