ವರ್ನಾ ಅವರ ಸುತ್ತುಕಾಗದವಿಲ್ಲದ ಮಿಠಾಯಿ

ನಮ್ಮೂರು ಕ್ಲೋವರ್‌ಟನ್ ಇನ್ನೂ ಕಣ್ಣುಬಿಟ್ಟಿಲ್ಲ. ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ದೊಡ್ಡ ಪಾತ್ರೆಯಲ್ಲಿ ಸಕ್ಕರೆ, ಮೆಕ್ಕೆಜೋಳದ ಪಾಕ, ಬೆಣ್ಣೆ ಒಟ್ಟಿಗೆ ಕುದಿಯುತ್ತಿವೆ. ವರ್ನಾ ಸ್ಲಾವಿಕ್ ಸೌಟು ಆಡಿಸುತ್ತಲೇ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಇನ್ನೂ ಆಗಿಲ್ಲ. ಇವತ್ತು ಹ್ಯಾಲೋವೀನ್, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳುತ್ತ ಹೋಗುವ ಹಬ್ಬ. ಮಧ್ಯಾಹ್ನ ಮಕ್ಕಳೆಲ್ಲ ದೆವ್ವ, ಮಾಟಗಾತಿ, ಬಾವಲಿಗಳಾಗಿ ಆಟದ ಹಾಲ್‌ಗೆ ನುಗ್ಗುವ ಹೊತ್ತಿಗೆ ಮಿಠಾಯಿ ತಣ್ಣಗಾಗಿರಬೇಕು.

ಅವರ ಪಕ್ಕದಲ್ಲೇ, ಕೋಟನ್ನೂ ಬಿಚ್ಚದೆ ನಿಂತಿರುವವರು ಡೆನೀಸ್, ಎರಡನೇ ತರಗತಿಯ ಮಾರ್ಲಿಯ ತಾಯಿ. ಹಾಲಿನ ಪುಡಿಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ಓದುತ್ತಿದ್ದಾರೆ. ಸಕ್ಕರೆ ಚೀಲವನ್ನು ಆಗಲೇ ಓದಿ ಮುಗಿಸಿದ್ದಾರೆ.

“ಓದಮ್ಮ, ಚೆನ್ನಾಗಿ ಓದು. ಬೇಕಿದ್ರೆ ಸೌಟೂ ಮೂಸಿ ನೋಡು. ನಂಗೇನೂ ಬೇಜಾರಿಲ್ಲ” ಎನ್ನುತ್ತಾರೆ ವರ್ನಾ.

ಡೆನೀಸ್ ನಗುವುದಿಲ್ಲ. ಸೌಟನ್ನು ನಿಜವಾಗಿಯೂ ಮೂಸುತ್ತಾರೆ.

ಅವರನ್ನು ದೂರುವಂತಿಲ್ಲ. ಮಾರ್ಲಿಗೆ ಕಡಲೆಕಾಯಿ ಆಗದು. ಹೋದ ವರ್ಷ ಇದೇ ದಿನ, ಮಿಠಾಯಿ ಗೋಪುರ ಕಟ್ಟುವ ಆಟದಲ್ಲಿ ಯಾರದೋ ಚೀಲದಿಂದ ಬಂದ ಚಾಕೊಲೇಟೊಂದು ಅವಳ ಕೈಸೇರಿತು. ಅದೇ ಬೆರಳನ್ನು ಅವಳು ಬಾಯಿಗಿಟ್ಟುಕೊಂಡಳು. ಕಣ್ಣು ಮಿಟುಕಿಸುವಷ್ಟರಲ್ಲಿ ತುಟಿ ಊದಿಕೊಂಡಿತು, ಉಸಿರು ಕಟ್ಟಿತು. ಆಂಬುಲೆನ್ಸ್ ಬರುವವರೆಗೂ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವರು ವರ್ನಾ. ಹುಡುಗಿ ಉಳಿದಳು, ಹಬ್ಬ ಉಳಿಯಲಿಲ್ಲ. ಇನ್ನು ಮುಂದೆ ಶಾಲೆಯಲ್ಲಿ ಮಿಠಾಯಿ ಆಟ ಬೇಡ, ಕುಂಬಳಕಾಯಿ ಚಿತ್ರಕ್ಕೆ ಬಣ್ಣ ಹಚ್ಚಿದರೆ ಸಾಕು ಎಂದು ಪ್ರಿನ್ಸಿಪಾಲರು ಆಜ್ಞೆ ಹೊರಡಿಸಿದರು.

ವರ್ನಾ ಈ ಅಡುಗೆಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಗಂಡ ಕೆಲಸ ಮಾಡುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಿದಾಗ ತಟ್ಟೆ ತೊಳೆಯಲು ಸೇರಿದವರು. ಈಗ ದಿನಕ್ಕೆ ಇನ್ನೂರೈವತ್ತು ಮಕ್ಕಳ ಊಟ ಅವರ ಕೈಯಲ್ಲಿದೆ. ಇದನ್ನೆಲ್ಲ ಬರೆದುಕೊಳ್ಳಲು ಬಂದಿರುವ ನನಗೂ ಈ ಅಡುಗೆಮನೆ ಹೊಸದಲ್ಲ: ನನ್ನ ಮಕ್ಕಳಿಬ್ಬರೂ ಇಲ್ಲೇ ತಿಂದು ಬೆಳೆದವರು. ಮಾಂಸ ತಿನ್ನದ ಈ ಎರಡು ಪ್ರಾಣಿಗಳಿಗಾಗಿ ವರ್ನಾ, ನಾವು ಕೇಳದಿದ್ದರೂ, ಬೇರೆಯದೇ ಬಾಣಲೆ ಇಟ್ಟುಕೊಂಡಿದ್ದರು. ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಶಿಕ್ಷಕರ ಫೋಟೊಗಳಿವೆ, ಸಾಕಿದ ಮೊಲದ ಫೋಟೊ ಕೂಡ ಇದೆ. ವರ್ನಾ ಅವರದಿಲ್ಲ. ನನಗೆ ಇದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ. “ಮೊಲ ನನಗಿಂತ ಚೆನ್ನಾಗಿದೆ ಬಿಡಿ” ಎನ್ನುತ್ತಾರೆ.

ಹ್ಯಾಲೋವೀನ್ ಆಟಗಳೆಲ್ಲ ಅವರದೇ ತಲೆಯಿಂದ ಹುಟ್ಟಿದವು. ತಂದೆತಾಯಿ ಕೆಲಸಕ್ಕೆ ಹೋಗಿ ಸಂಜೆ ಮನೆಮನೆ ಸುತ್ತಿಸಲು ಯಾರೂ ಇಲ್ಲದ ಮಕ್ಕಳಿಗಾಗಿ ಶುರುಮಾಡಿದ್ದು, ಆಮೇಲೆ ಇಡೀ ಶಾಲೆಯದಾಯಿತು. ಅದಕ್ಕೆ ಬಣ್ಣ ಹಚ್ಚುವ ಕಾಗದ ಬದಲಿಯೇ?

“ಹಬ್ಬ ಹೋಗಿದ್ದು ಹೋಗ್ಲಿ, ಸುಧಾರಿಸ್ಕೋತಿದ್ದೆ” ಎನ್ನುತ್ತಾರೆ ವರ್ನಾ, ಪಾಕಕ್ಕೆ ಹಾಲಿನ ಪುಡಿ ಸುರಿದು ಹಿಟ್ಟಿನ ಹಾಗೆ ನಾದುತ್ತ. “ಆದ್ರೆ ಊಟದ ಸಾಲಲ್ಲಿ ಒಂದು ಹುಡುಗ, ಕೋಲ್ಟನ್ ಅಂತ, ಮಾರ್ಲಿಗೆ ಹೇಳ್ತಿದ್ದ: ‘ನಿನ್ನಿಂದಾನೇ ನಮ್ಗೆ ಮಿಠಾಯಿ ಹೋಯ್ತು.’ ಆ ಮಗು ತಟ್ಟೆ ನೋಡ್ಕೊಂಡು ನಿಂತಿತ್ತು. ಅವತ್ತೇ ಹೋಗಿ ಪ್ರಿನ್ಸಿಪಾಲರ ಬಾಗಿಲು ತಟ್ಟಿದೆ.”

ಒಪ್ಪಿಗೆ ಸಿಕ್ಕಿತು, ಎರಡು ಷರತ್ತಿನ ಮೇಲೆ. ಹೊರಗಿನ ಒಂದು ಮಿಠಾಯಿಯೂ ಒಳಗೆ ಬರಕೂಡದು. ಈ ಸಲ ಏನಾದರೂ ಎಡವಟ್ಟಾದರೆ ಮತ್ತೆ ಯಾವತ್ತೂ ಕೇಳಕೂಡದು. ಅಂಗಡಿಯ ಪೊಟ್ಟಣಗಳ ಮೇಲೆಲ್ಲ ಕಡಲೆಕಾಯಿ ತಗುಲಿರಬಹುದು ಎಂಬ ಸಾಲು ಇರುವುದರಿಂದ ವರ್ನಾ ತಾವೇ ಮಾಡಲು ನಿಂತರು. ಮಾಡುವುದನ್ನು ನೋಡಲು ಡೆನೀಸ್ ಅವರನ್ನು ಕರೆದವರೂ ಅವರೇ.

ಬಿಳಿ, ಕಿತ್ತಳೆ, ಹಳದಿ ಹಿಟ್ಟನ್ನು ಹಗ್ಗದಂತೆ ಹೊಸೆದು ಮೂರನ್ನೂ ಒತ್ತಟ್ಟಿಗೆ ಅಂಟಿಸಿ, ಚಾಕುವಿನಲ್ಲಿ ಓರೆಯಾಗಿ ಕತ್ತರಿಸುತ್ತ ಹೋದಂತೆ ಮೆಕ್ಕೆಜೋಳದ ಕಾಳಿನಂಥ ಮಿಠಾಯಿಗಳು ರಾಶಿಬೀಳುತ್ತವೆ. ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಇವನ್ನು ಯಾರೂ ತಿನ್ನುವುದಿಲ್ಲ ಎಂದು ವರ್ನಾ ಅವರಿಗೆ ಗೊತ್ತು. ಹ್ಯಾಲೋವೀನ್ ದಿನ ಸುತ್ತುಕಾಗದವಿಲ್ಲದ್ದನ್ನು ಬಾಯಿಗಿಡಬಾರದು ಎಂಬುದನ್ನು ನಮ್ಮೂರಿನ ಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುತ್ತಾರೆ. ಮನೆಯಲ್ಲಿ ಮಾಡಿದ್ದನ್ನು ಯಾರಾದರೂ ಚೀಲಕ್ಕೆ ಹಾಕಿದರೆ, ಏನು ಬೆರೆಸಿದ್ದಾರೋ ಎಂಬ ಭಯಕ್ಕೆ, ಅದು ನೇರ ಕಸದಬುಟ್ಟಿಗೆ.

“ಆಡ್ಲಿ ಅಂತ ಮಾಡ್ತಿರೋದು, ತಿನ್ಲಿ ಅಂತಲ್ಲ” ಎನ್ನುತ್ತಾರೆ. ಹಾಗೆನ್ನುವಾಗ ಮಾತ್ರ ಮುಖ ತಿರುಗಿಸಿಕೊಳ್ಳುತ್ತಾರೆ. ಜೀವನವಿಡೀ ಬಡಿಸಿದ ಕೈ ಅದು.

ಡೆನೀಸ್ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಡುತ್ತಾರೆ.

ಮಧ್ಯಾಹ್ನ ಆಟದ ಹಾಲ್‌ನಲ್ಲಿ ಕಿವಿ ಕಿತ್ತುಹೋಗುವಷ್ಟು ಗದ್ದಲ. ಒಂದು ಮೂಲೆಯಲ್ಲಿ ಸ್ಟ್ರಾ ಓಟ: ಸ್ಟ್ರಾದ ತುದಿಗೆ ಮಿಠಾಯಿಯನ್ನು ಉಸಿರಿನಿಂದ ಎಳೆದು ಹಿಡಿದು, ಬೀಳಿಸದೆ ಆಚೆ ಬಟ್ಟಲಿಗೆ ಮುಟ್ಟಿಸಬೇಕು. ನಕ್ಕರೆ ಕೆಟ್ಟಿತು. ಇನ್ನೊಂದು ಕಡೆ ಮಾಟಗಾತಿಯ ಟೋಪಿಗೆ ಮಿಠಾಯಿ ಎಸೆತ. ಉದ್ದ ಮೇಜಿನ ಮೇಲೆ ದೆವ್ವದ ಮುಖದ ಪುಟ್ಟ ಕುಂಬಳಕಾಯಿಗಳಿಗೆ ಸಕ್ಕರೆ ಅಂಟಿನಲ್ಲಿ ಮಿಠಾಯಿಯ ಹಲ್ಲು ಕೂರಿಸುವ ಕೆಲಸ.

“ಕೋಲ್ಟನ್, ಏನೋ ಅದು, ನಿನ್ನ ದೆವ್ವಕ್ಕೆ ಒಂದೇ ಹಲ್ಲು?”

“ಅದು ನಮ್ಮಜ್ಜ, ಮಿಸ್ ವರ್ನಾ!”

ಮಾರ್ಲಿ ಬಾವಲಿಯ ವೇಷದಲ್ಲಿ ಬಂದಿದ್ದಾಳೆ. ಮೊದಲು ಗೋಡೆಗೆ ಅಂಟಿಕೊಂಡಿದ್ದವಳನ್ನು ವರ್ನಾ ಕೈಹಿಡಿದು ಸ್ಟ್ರಾ ಓಟಕ್ಕೆ ನಿಲ್ಲಿಸುತ್ತಾರೆ. ಎರಡು ಸಲ ಬೀಳಿಸುತ್ತಾಳೆ, ಮೂರನೆಯ ಸಲ ಮುಟ್ಟಿಸುತ್ತಾಳೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಡೆನೀಸ್ ಕೂತಿದ್ದಾರೆ, ಔಷಧದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಆಟ ಮುಗಿಯುತ್ತದೆ. ಯಾರ ತುಟಿಯೂ ಊದಿಲ್ಲ. ಮೇಜಿನ ಮೇಲೆ, ಯಾರೂ ಮುಟ್ಟದ ಒಂದು ತಟ್ಟೆ ತುಂಬ ಮಿಠಾಯಿ ಉಳಿದಿದೆ. ಮಕ್ಕಳು ಸುತ್ತ ನಿಂತು ನೋಡುತ್ತಾರೆ, ಒಂದೂ ಕೈ ಚಾಚುವುದಿಲ್ಲ. ವರ್ನಾ ತಟ್ಟೆ ಎತ್ತಿಕೊಳ್ಳಲು ಬಾಗುತ್ತಾರೆ.

ಆಗ ಡೆನೀಸ್ ಎದ್ದು ಬರುತ್ತಾರೆ. ತಟ್ಟೆಯಿಂದ ಒಂದನ್ನು ತೆಗೆದು ಮಗಳ ಮುಂದೆ ಹಿಡಿಯುತ್ತಾರೆ.

ಮಾರ್ಲಿ ಹಿಂದೆ ಸರಿಯುತ್ತಾಳೆ. “ಅಮ್ಮಾ, ಇದ್ರ ಮೇಲೆ ಕಾಗದಾನೇ ಇಲ್ಲ.”

“ಗೊತ್ತು. ಮಾಡೋವಾಗ ನಾನಲ್ಲೇ ನಿಂತಿದ್ದೆ. ನಿನ್ನಷ್ಟಿದ್ದಾಗ ಇವ್ರ ಕೈಯೂಟಾನೇ ತಿಂದಿದ್ದು ನಾನೂ. ತಿನ್ನು.”

ಮಾರ್ಲಿ ಕಣ್ಣುಮುಚ್ಚಿ ಬಾಯಿಗಿಡುತ್ತಾಳೆ. ಅಗಿಯುತ್ತಾಳೆ. ಡೆನೀಸ್ ಅವಳ ತುಟಿಯನ್ನೇ ನೋಡುತ್ತಾರೆ. ನಾನೂ ನೋಡುತ್ತೇನೆ. ಕೊನೆಗೆ ಮಾರ್ಲಿ ತಾನಾಗಿಯೇ ಎರಡನೆಯದನ್ನು ಎತ್ತಿಕೊಳ್ಳುತ್ತಾಳೆ.

ಕೋಲ್ಟನ್ ಮೆಲ್ಲಗೆ ಪಕ್ಕಕ್ಕೆ ಬರುತ್ತಾನೆ. “ಹೇಗಿದೆ? ನಾನೂ ಒಂದು ತಗೊಳ್ಲಾ?”

ಮಾರ್ಲಿ ಅವನನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಹುಟ್ಟಿದಾಗಿನಿಂದ ತಾನು ಕೇಳಿಸಿಕೊಂಡ ಮಾತನ್ನು ಮೊದಲ ಸಲ ಇನ್ನೊಬ್ಬರಿಗೆ ಹೇಳುತ್ತಾಳೆ: “ಮೊದ್ಲು ನಿಮ್ಮಮ್ಮನ್ನ ಕೇಳ್ಕೊಂಡು ಬಾ.”

ವೇಷ ನೋಡಲೆಂದು ಬಂದು ಬಾಗಿಲಲ್ಲಿ ಕಾದಿದ್ದ ತಾಯಂದಿರ ಕಡೆಗೆ ಕೋಲ್ಟನ್ ಓಡುತ್ತಾನೆ. ಅವನ ಹಿಂದೆ ಉಳಿದ ದೆವ್ವಗಳೂ ಓಡುತ್ತವೆ.

ಸಂಜೆ ಅಡುಗೆಮನೆಯಲ್ಲಿ ವರ್ನಾ ಕುರ್ಚಿಯೊಂದರ ಮೇಲೆ ಊದಿದ ಕಾಲು ಚಾಚಿ ಕೂತಿದ್ದಾರೆ. ಮುಂದಿನ ವರ್ಷ ಏನು ಬೇಕು ಎಂದು ಕೇಳುತ್ತೇನೆ. ಫೋಟೊ, ಸನ್ಮಾನ, ಏನಾದರೂ?

“ಇನ್ನೂ ದೊಡ್ಡ ಪಾತ್ರೆ ಕೊಡ್ಸೋಕೆ ಹೇಳಿ” ಎನ್ನುತ್ತಾರೆ. ತೊಳೆಯಲು ತಂದಿಟ್ಟ ತಟ್ಟೆಯನ್ನು ಎತ್ತಿ ನನ್ನ ಕಡೆ ವಾಲಿಸಿ ತೋರಿಸುತ್ತಾರೆ. ಅದರಲ್ಲಿ ಒಂದು ಚೂರೂ ಉಳಿದಿಲ್ಲ. “ಇವತ್ತು ಸಾಲ್ಲಿಲ್ಲ ನೋಡಿ.”